ಬಳಕೆದಾರರ ಸಂಘದ ‘ಪಾಕಸೂತ್ರ’: ಒಂದು ವಿಮರ್ಶೆ

ಶಾಸ್ತ್ರಸಾಹಿತ್ಯವೆಂದೊಡನೆ ನಮ್ಮ ವಿಮರ್ಶಕರ ನೆನಪಿಗೆ ಬರುವುದು ವ್ಯಾಕರಣ, ಛಂದಸ್ಸು, ಅಲಂಕಾರಗಳು. ಅಡುಗೆಯನ್ನೂ ಬಾವಿ ತೋಡುವುದನ್ನೂ ಕುರಿತು ಬರೆದ ಗ್ರಂಥಗಳನ್ನು ವಿಮರ್ಶೆಯ ಅಂಗಳಕ್ಕೆ ಬರಗೊಡುವುದು ಅಪರೂಪ. ಕ್ರಿ. ಶ. ೧೦೨೫ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ವಾಗಲಿ, ೧೬ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾಗಲಿ ಸಾಹಿತ್ಯಚರಿತ್ರೆಯಲ್ಲಿ ಒಂದೆರಡು ವಾಕ್ಯಗಳ ಗೌರವವನ್ನು ಪಡೆದು ಹಿಂದೆ ಸರಿಯುತ್ತವೆ. ಇದಕ್ಕೆ ಕಾರಣ ಇಲ್ಲದಿಲ್ಲ. ಇಂಥ ಕೃತಿಯ ಗುಣವನ್ನು ಓದಿ ತಿಳಿಯುವಂತಿಲ್ಲ; ಅದು ಹೇಳಿದಂತೆ ಮಾಡಿ ನೋಡಬೇಕು. ಸೂಪಶಾಸ್ತ್ರದ ವಿಮರ್ಶಕನು ಒಲೆಯ ಮುಂದೆ ಕುಳಿತುಕೊಳ್ಳಬೇಕಾದೀತು. ಆದರೂ ಒಂದು ಪ್ರಶ್ನೆಯನ್ನು ಓದುವಾಗಲೇ ಕೇಳಬಹುದು: ಈ ಶಾಸ್ತ್ರಕಾರನು ಯಾವುದನ್ನು ಹೇಳಬೇಕೆಂದು ಎಣಿಸಿದನು, ಯಾವುದನ್ನು ಎಲ್ಲರಿಗೂ ತಿಳಿದದ್ದೇ ಎಂದು ಬಿಟ್ಟನು? ಕಾಲ ಕಳೆದಂತೆ ಆ ಬಿಟ್ಟದ್ದೇ ದೊಡ್ಡದಾಗಿ ಕಾಣತೊಡಗುವುದುಂಟು.

ಪ್ರಕೃತ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಈ ಬಗೆಯ ಒಂದು ಆಧುನಿಕ ಕೃತಿ. ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಪ್ರದೇಶದ ರಿಕ್ ಮೋಯೆನ್ ಎಂಬವರು ಬರೆದ ಈ ಕಿರುಪ್ರಬಂಧದ ಶೀರ್ಷಿಕೆಯನ್ನು ‘ಯಶಸ್ವಿ ಲಿನಕ್ಸ್ ಬಳಕೆದಾರರ ಸಂಘದ ಪಾಕಸೂತ್ರ’ ಎಂದು ಕನ್ನಡಿಸಬಹುದು. ಊರೂರುಗಳಲ್ಲಿ ಹುಟ್ಟಿ, ಕೆಲವು ವರ್ಷ ನಡೆದು, ಮೆಲ್ಲನೆ ನಿಂತುಹೋದ ಲಿನಕ್ಸ್ ಸಂಘಗಳನ್ನು ಮತ್ತೆ ಎಬ್ಬಿಸಬೇಕೆಂಬ ಅಪೇಕ್ಷೆ ಇಂದು ಅಲ್ಲಲ್ಲಿ ಕಾಣುತ್ತಿರುವುದರಿಂದಲೂ, ಹಾಗೆ ಹೊರಟವರ ಕೈಗೆ ಮೊದಲು ಸಿಗುವ ಗ್ರಂಥಗಳಲ್ಲಿ ಇದೂ ಒಂದಾಗಿರುವುದರಿಂದಲೂ ಇದರ ಪರಾಮರ್ಶೆ ಅನಾವಶ್ಯಕವೆನಿಸದು. ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದರಿಂದ ಆಗಬೇಕಾದುದೇನು ಎಂಬುದು ಮುಂದೆ ವಿದಿತವಾಗುತ್ತದೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ: ೧೯೮೩ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕನ್ನನು ಗ್ನೂ ಎಂಬ ಯೋಜನೆಯನ್ನು ಸಾರಿದನು. ಗಣಕಯಂತ್ರವನ್ನು ನಡೆಸುವ ತಂತ್ರಾಂಶವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾಗಿರಬೇಕು ಎಂಬುದು ಅದರ ಮೂಲತತ್ತ್ವ. ೧೯೯೧ರ ಆಗಸ್ಟಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ೨೧ ವರ್ಷದ ಲಿನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಬರೆಯುತ್ತಿದ್ದ ಕಾರ್ಯವ್ಯವಸ್ಥೆಯ ತಿರುಳೊಂದನ್ನು ಪ್ರಕಟಪಡಿಸಿದನು. ಮರುವರ್ಷ ಅದು ಗ್ನೂ ಪರವಾನಗಿಯ ಕೆಳಗೆ ಬಂದಿತು. ಈ ಎರಡರ ಕೂಡುವಿಕೆಯಿಂದ ಆದುದನ್ನೇ ಜನ ಲಿನಕ್ಸ್ ಎನ್ನುತ್ತಾರೆ. ಅದನ್ನು ಬಳಸುವವರು ತಿಂಗಳಿಗೊಮ್ಮೆ ಕಲೆತು ಒಬ್ಬರಿಗೊಬ್ಬರು ನೆರವಾಗಲು ಕಟ್ಟಿಕೊಂಡ ಕೂಟಗಳೇ ಬಳಕೆದಾರರ ಸಂಘಗಳು. ಇವುಗಳನ್ನು ಕುರಿತು ಕೆಂಡಲ್ ಕ್ಲಾರ್ಕ್ ಎಂಬವರು ೧೯೯೭ರಲ್ಲಿ ಒಂದು ಕೈಪಿಡಿಯನ್ನು ರಚಿಸಿದರು. ಅದರ ಪರಿಷ್ಕರಣದ ಹೊಣೆಯನ್ನು ಅನಂತರ ಮೋಯೆನ್ ಅವರೇ ವಹಿಸಿಕೊಂಡರು. ಕೈಪಿಡಿಯು ಸಂಘದ ಉದ್ದೇಶಗಳನ್ನು ವಿವರಿಸುತ್ತದೆ. ಪಾಕಸೂತ್ರವು ಸಂಘವನ್ನು ನಡೆಸುವ ಬಗೆಯನ್ನು ಹೇಳುತ್ತದೆ. ಎರಡನೆಯದೇ ಹೆಚ್ಚು ಸ್ವಾರಸ್ಯವುಳ್ಳದ್ದು.

ಅದರ ರಚನೆಯನ್ನು ಮೊದಲು ನೋಡೋಣ. ಒಂದೊಂದು ವಾಕ್ಯದ ವಿಧಿ. ಅದರ ಕೆಳಗೆ ಒಂದು ಪುಟ್ಟ ವಿವರಣೆ. ನಮ್ಮ ಪರಿಭಾಷೆಯಲ್ಲಿ ಹೇಳಿದರೆ ಸೂತ್ರ ಮತ್ತು ವೃತ್ತಿ. ಎಲ್ಲ ಸೂತ್ರಗಳಿಗೂ ಸಮಾನವಾದ ಬಲವಿಲ್ಲ; ಕೆಲವು ‘ಬೇಕು’ ಎನ್ನುತ್ತವೆ, ಕೆಲವು ‘ಬೇಕೆನಿಸೀತು’ ಎನ್ನುತ್ತವೆ, ಮತ್ತೆ ಕೆಲವು ‘ಬೇಡ’ ಎಂದು ತಡೆಯುತ್ತವೆ. ಜಾಲಪುಟ ಬೇಕು, ಕೂಡಲು ಗೊತ್ತಾದ ಸ್ಥಳ ಬೇಕು, ಗೊತ್ತಾದ ಕಾಲ ಬೇಕು. ಮೇಲಿಂಗ್ ಲಿಸ್ಟ್ ಇದ್ದರೆ ಇರಲಿ. ಆದರೆ ಜನರಿಗೆ ಅಂತರ್ಜಾಲ ಸಂಪರ್ಕವನ್ನು ಒದಗಿಸುವ ವ್ಯಾಪಾರಕ್ಕಾಗಲಿ ಬೇರಾವ ವ್ಯಾಪಾರಕ್ಕಾಗಲಿ ಸಂಘ ಇಳಿಯುವುದು ಬೇಡ. ವಿಧಿ, ವಿಕಲ್ಪ, ನಿಷೇಧಗಳ ಈ ತಾರತಮ್ಯವನ್ನು ಇಷ್ಟು ಸಹಜವಾಗಿ ಪಾಲಿಸಿದ ವ್ಯಾವಹಾರಿಕ ಗದ್ಯ ಇಂಗ್ಲಿಷಿನಲ್ಲಿಯೂ ವಿರಳ. ಸಂಘಸಂಸ್ಥೆಗಳನ್ನು ಕುರಿತ ಬರೆವಣಿಗೆಯಲ್ಲಿ ಸಾಮಾನ್ಯವಾಗಿ ಕಾಣುವ ಉಪದೇಶದ ಧಾರಾಳವು ಇಲ್ಲಿ ಎಲ್ಲಿಯೂ ತಲೆಹಾಕದು. ಐಕಮತ್ಯ, ಸೇವೆ, ತ್ಯಾಗ ಮುಂತಾದ ದೊಡ್ಡ ಮಾತುಗಳನ್ನು ಬಿಟ್ಟು ಕೊಠಡಿ, ವಾರ, ನಕ್ಷೆ, ದೂರವಾಣಿಗಳನ್ನು ಕುರಿತು ಮಾತ್ರ ಗ್ರಂಥಕಾರರು ಮಾತನಾಡುತ್ತಾರೆ.

ಈ ಗ್ರಂಥದ ಹೃದಯವೆನ್ನಬಹುದಾದ ಸೂತ್ರ ಒಂದುಂಟು: ಸಾರಿದ ಸಭೆ ಸಾರಿದಂತೆಯೇ, ತಪ್ಪದೆ, ನಡೆಯಬೇಕು. ಮೇಲುನೋಟಕ್ಕೆ ಇದು ಹೇಳಬೇಕಾದ ಮಾತೇ ಅಲ್ಲವೆನಿಸುತ್ತದೆ. ಆದರೆ ಸಂಘಗಳು ಕ್ಷೀಣಿಸಿದ ಬಗೆಯನ್ನು ಯೋಚಿಸಿದರೆ ಇದರ ತೂಕ ತಿಳಿಯುತ್ತದೆ. ಹೊಸಬನೊಬ್ಬನು ಪುಟವನ್ನು ನೋಡಿಕೊಂಡು, ಎರಡು ಬಸ್ಸು ಬದಲಿಸಿ, ಸಂಜೆಯ ಹೊತ್ತಿಗೆ ಬರುತ್ತಾನೆ, ಬಾಗಿಲಿಗೆ ಬೀಗ. ಹಳಬರಿಗೆಲ್ಲ ಆ ದಿನ ಸಭೆಯಿಲ್ಲವೆಂಬುದು ಬಾಯಿಂದ ಬಾಯಿಗೆ ತಿಳಿದಿರುತ್ತದೆ, ತಿಳಿಯದಿದ್ದವನು ಅವನೊಬ್ಬನೇ. ಅವನು ಮತ್ತೆ ಬರುವುದಿಲ್ಲ; ಬಾರದಿದ್ದುದು ಯಾರಿಗೂ ಗೊತ್ತೂ ಆಗುವುದಿಲ್ಲ. ಸಂಘದ ಒಳಗಿನವರಿಗೆ ಅದು ಒಂದು ತಿಂಗಳ ಬಿಡುವು. ಹೊರಗಿನವನಿಗೆ ಅದೇ ಸಂಘದ ಅಂತ್ಯ. ಗ್ರಂಥಕಾರರು ತಮ್ಮ ದೃಷ್ಟಿಯನ್ನು ಉದ್ದಕ್ಕೂ ಈ ಹೊರಗಿನವನ ಮೇಲೆ ನೆಟ್ಟಿದ್ದಾರೆ ಎಂಬುದೇ ಅವರ ಹೆಚ್ಚಳ.

ಗೊತ್ತಾದ ಕಾಲದ ವಿಷಯವೂ ಹೀಗೆಯೇ. ತಿಂಗಳ ಇಷ್ಟನೆಯ ವಾರದ ಇಂಥ ದಿನವೆಂದು ನಿಶ್ಚಯವಾದರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಹಳ್ಳಿಗರಿಗೆ ಇದು ಶಾಸ್ತ್ರದಿಂದ ಕಲಿಯಬೇಕಾದ ಸಂಗತಿಯಲ್ಲ. ಮಂಗಳವಾರದ ಸಂತೆಗೆ ಯಾರೂ ಆಮಂತ್ರಣಪತ್ರಿಕೆಯನ್ನು ಅಚ್ಚು ಹಾಕಿಸುವುದಿಲ್ಲ. ಮಳೆ ಬಂದರೂ ಸಂತೆ ಕೂಡುತ್ತದೆ, ಕೂಡುತ್ತದೆಂಬ ನಂಬಿಕೆಯಿಂದಲೇ ಕೂಡುತ್ತದೆ. ಎರಿಕ್ ರೇಮಂಡ್ ಎಂಬವರು ೧೯೯೭ರಲ್ಲಿ ಜರ್ಮನಿಯ ಸಮ್ಮೇಳನವೊಂದರಲ್ಲಿ ಓದಿದ ಪ್ರಸಿದ್ಧ ಪ್ರಬಂಧದಲ್ಲಿ ಲಿನಕ್ಸಿನ ರಚನಾಕ್ರಮವನ್ನು ಬಜಾರಿಗೆ ಹೋಲಿಸಿದರು. ಅವರ ಗಮನ ಬಜಾರಿನ ಗದ್ದಲದ ಮೇಲಿತ್ತು. ಸಂತೆಯ ನಿಯತಕಾಲವನ್ನು ಹಿಡಿದವರು ಮೋಯೆನ್. ಸಂಘದ ದೃಷ್ಟಿಯಿಂದ ಇವರದೇ ಸೂಕ್ಷ್ಮವಾದ ಕಾಣ್ಕೆಯೆಂದು ನನ್ನ ಭಾವನೆ.

ಜಾಲಪುಟವನ್ನು ಕುರಿತ ಸೂತ್ರಗಳು ಸಂಖ್ಯೆಯಲ್ಲಿಯೂ ಹೆಚ್ಚು, ಸೊಗಸಿನಲ್ಲಿಯೂ ಹೆಚ್ಚು. ದಿನಾಂಕವನ್ನು ಬರೆಯುವಾಗ ವಾರವನ್ನೂ ತಪ್ಪದೆ ಬರೆಯಬೇಕು. ಬರೆಯುವ ಮೊದಲು ಪಂಚಾಂಗವನ್ನು ತೆರೆದು ತಾಳೆ ನೋಡಬೇಕು. ಮುಖ್ಯ ವಿಷಯ ಪುಟದ ತಲೆಯಲ್ಲಿಯೇ ಇರಬೇಕು. ಸ್ಥಳಕ್ಕೆ ಬರುವ ದಾರಿ ಬರೆದಿರಬೇಕು. ಸಭೆಗೆ ಶುಲ್ಕವಿಲ್ಲ, ಯಾರು ಬೇಕಾದರೂ ಬರಬಹುದು ಎಂಬುದು ಕಣ್ಣಿಗೆ ಬೀಳಬೇಕು. ಪುಟವನ್ನು ಕಡೆಯ ಸಲ ತಿದ್ದಿದ್ದು ಯಾವಾಗ, ತಿದ್ದುವವರು ಯಾರು ಎಂಬುದು ಕಾಣಬೇಕು. ಈ ಮಾಲೆಯಲ್ಲಿ ಬರುವ ಒಂದು ಮಾತು ವಿಶೇಷವಾಗಿ ಮನನಯೋಗ್ಯ: ಆರೈಕೆ ತಡವಾದರೂ ಕೆಡದಂಥ ಪುಟವನ್ನು ರಚಿಸಬೇಕಂತೆ. ತಿದ್ದುವವನು ಸೋಮಾರಿಯಾಗಬಾರದೆಂದು ಶಾಸ್ತ್ರಕಾರರು ಗದರುವುದಿಲ್ಲ. ಸೋಮಾರಿಯಾಗುತ್ತಾನೆ ಎಂದು ಒಪ್ಪಿಕೊಂಡೇ ವಿಧಿಸುತ್ತಾರೆ. ಮನುಷ್ಯಸ್ವಭಾವವನ್ನು ಬಲ್ಲ ಶಾಸ್ತ್ರವೆಂದರೆ ಇದು. ವಾರವನ್ನು ಬರೆಯಬೇಕೆಂಬ ವಿಧಿಯೂ ಅಂಥದೇ. ಹಸ್ತಪ್ರತಿಗಳೊಡನೆ ವ್ಯವಹರಿಸುವ ನಮಗೆ ಇದು ಪರಿಚಿತ. ಶಾಸನದಲ್ಲಿ ಶಕವರ್ಷದೊಡನೆ ಸಂವತ್ಸರ, ಮಾಸ, ತಿಥಿ, ವಾರಗಳೆಲ್ಲ ಇದ್ದರೆ ಒಂದು ತಪ್ಪಿದ್ದನ್ನು ಮತ್ತೊಂದು ತೋರಿಸಿಕೊಡುತ್ತದೆ. ಒಂದೇ ಅಂಕೆಯಿದ್ದರೆ ಲಿಪಿಕಾರನ ಪ್ರಮಾದವನ್ನು ಹಿಡಿಯುವ ದಾರಿಯೇ ಇಲ್ಲ.

ಕೃತಿಯ ಗುಣಗಳನ್ನು ಇಷ್ಟು ಹೇಳಿದ ಮೇಲೆ ಮುಖ್ಯವಾದ ಆಕ್ಷೇಪಕ್ಕೆ ಬರಬಹುದು. ಈ ಪಾಕಸೂತ್ರದಲ್ಲಿ ಪಾತ್ರೆಯುಂಟು, ಒಲೆಯುಂಟು, ಹೊತ್ತುಗೊತ್ತುಗಳುಂಟು. ಹಸಿವು ಮಾತ್ರ ಇಲ್ಲ. ಜನ ಏತಕ್ಕಾಗಿ ಕೂಡಬೇಕು? ಗ್ರಂಥಕಾರರಿಗೆ ಈ ಪ್ರಶ್ನೆ ಎದುರಾಗಲೇ ಇಲ್ಲ. ಅವರ ಕಾಲದಲ್ಲಿ ಅದಕ್ಕೆ ಉತ್ತರ ಬೀದಿಯಲ್ಲಿಯೇ ಬಿದ್ದಿತ್ತು.

ಆ ಕಾಲವನ್ನು ನೆನೆಯೋಣ. ೧೯೯೦ರ ದಶಕದಲ್ಲಿ ಗಣಕಕ್ಕೆ ಲಿನಕ್ಸನ್ನು ಅಳವಡಿಸುವುದು ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ತೆರೆಯ ಆವರ್ತನವನ್ನು ಕೈಯಿಂದಲೇ ನಮೂದಿಸಬೇಕಾಗಿತ್ತು; ತಪ್ಪು ಸಂಖ್ಯೆಯನ್ನು ಕೊಟ್ಟರೆ ತೆರೆಯೇ ಕೆಟ್ಟೀತೆಂಬ ಎಚ್ಚರಿಕೆ ಕೈಪಿಡಿಗಳಲ್ಲಿ ಇರುತ್ತಿತ್ತು. ವಿಂಡೋಸಿನ ಹೊರತು ಬೇರಾವುದಕ್ಕೂ ಜಗ್ಗದ ಮೋಡೆಮುಗಳು ಮಾರುಕಟ್ಟೆಯಲ್ಲಿ ತುಂಬಿದ್ದುವು. ಆದುದರಿಂದ ಜನ ತಮ್ಮ ಯಂತ್ರಗಳನ್ನು ಹೊತ್ತು ತಂದು, ಬಲ್ಲವರ ಪಕ್ಕದಲ್ಲಿಟ್ಟು, ಅಳವಡಿಸಿಕೊಂಡು ಹೋಗುತ್ತಿದ್ದರು. ಭಾರತದಲ್ಲಿ ತೊಡಕು ಇನ್ನೂ ಹೆಚ್ಚು. ಸಾರ್ವಜನಿಕರಿಗೆ ಇಲ್ಲಿ ಅಂತರ್ಜಾಲ ತೆರೆದದ್ದು ೧೯೯೫ರ ಆಗಸ್ಟ್ ೧೫ರಂದು. ಸೆಕೆಂಡಿಗೆ ೨೮.೮ ಕಿಲೋಬಿಟ್ ವೇಗದ ಮೋಡೆಮಿನಲ್ಲಿ ೬೫೦ ಮೆಗಾಬೈಟಿನ ಒಂದು ಸಿ.ಡಿ.ಯಷ್ಟನ್ನು ಇಳಿಸಿಕೊಳ್ಳಬೇಕಾದರೆ, ತಂತಿ ಒಮ್ಮೆಯೂ ಕಡಿಯದಿದ್ದರೆ, ಸುಮಾರು ೫೦ ಗಂಟೆ ಹಿಡಿಯುತ್ತದೆಂದು ಲೆಕ್ಕ ಹಾಕಬಹುದು. ತಂತಿ ಕಡಿಯದೆ ಇರುತ್ತಿದ್ದ ದಿನಗಳಲ್ಲ ಅವು. ೧೯೯೬ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸಿನ ಸಿ.ಡಿ.ಯನ್ನು ಸಂಚಿಕೆಯೊಡನೆ ಓದುಗರಿಗೆ ಹಂಚಿತು. ಆ ಪ್ರಯತ್ನದಲ್ಲಿ ಬೆಂಗಳೂರಿನ ಅತುಲ್ ಚಿಟ್ಣಿಸ್ ಅವರ ಪಾತ್ರ ದೊಡ್ಡದು. ಅಂಥ ಒಂದು ಸಿ.ಡಿ. ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲಿ ಕೂಡುವುದಕ್ಕೆ ಬೇರೆ ಕಾರಣ ಬೇಕಾಗಿರಲಿಲ್ಲ.

ಮೋಯೆನ್ ಅವರ ಸೀಮೆಯಲ್ಲಿ ಈ ಅಗತ್ಯದ ಜೊತೆಗೆ ಒಂದು ಕೆಚ್ಚೂ ಇತ್ತು. ೧೯೯೯ರ ಫೆಬ್ರವರಿ ೧೫ರಂದು ಕೊಲ್ಲಿಪ್ರದೇಶದ ಸಂಘಗಳವರು ಫಾಸ್ಟರ್ ಸಿಟಿಯಲ್ಲಿದ್ದ ಮೈಕ್ರೋಸಾಫ್ಟ್ ಕಚೇರಿಗೆ ಮೆರವಣಿಗೆ ಹೋದರು. ಗಣಕದೊಡನೆ ತಮ್ಮ ಕೊರಳಿಗೆ ಕಟ್ಟಿದ ವಿಂಡೋಸನ್ನು ತಾವು ಬಳಸುವುದಿಲ್ಲ, ಒಪ್ಪದಿದ್ದರೆ ಹಣ ಹಿಂದಿರುಗುವುದೆಂದು ನಿಮ್ಮ ಪರವಾನಗಿಯೇ ಹೇಳುತ್ತದೆ, ಕೊಡಿ ಎಂದು ಕೇಳಿದರು. ಗಣಕವನ್ನು ತಯಾರಿಸಿದವರನ್ನು ಕೇಳಿರಿ ಎಂಬ ಉತ್ತರ ಬಂದಿತು. ಹಣ ಬರಲಿಲ್ಲ; ಆದರೆ ‘ಬಳಕೆದಾರ’ ಎಂಬ ಪದಕ್ಕೆ ಆ ದಿನ ಇದ್ದ ಬಿಸಿಯನ್ನು ಈ ಪ್ರಸಂಗದಿಂದ ಊಹಿಸಬಹುದು.

ಆ ಪದದ ಗತಿಯೇ ಸಂಘಗಳ ಗತಿ. ೨೦೦೪ರ ಅಕ್ಟೋಬರಿನಲ್ಲಿ ಉಬುಂಟು ಹೊರಬಂದಿತು. ಬೇಕೆಂದವರಿಗೆ ಅದರ ಸಿ.ಡಿ.ಯನ್ನು ಅಂಚೆಯಲ್ಲಿ ಪುಕ್ಕಟೆಯಾಗಿ ಕಳುಹಿಸುವ ಏರ್ಪಾಡನ್ನು ಅದರ ಪ್ರಕಾಶಕರು ಮಾಡಿದರು. ೨೦೧೧ರಲ್ಲಿ ಆ ಏರ್ಪಾಡನ್ನು ನಿಲ್ಲಿಸುವ ಹೊತ್ತಿಗೆ ಸಿ.ಡಿ.ಯೇ ಬೇಡವಾಗಿತ್ತು. ಮೊದಲು ದಿನವಿಡೀ ಹಿಡಿಯುತ್ತಿದ್ದ ಅಳವಡಿಕೆ ಈಗ ಅರ್ಧ ಗಂಟೆಯ ಕೆಲಸ. ೨೦೦೮ರಿಂದ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ದೂರವಾಣಿಗಳ ಒಳಗಿರುವುದು ಲಿನಕ್ಸಿನ ತಿರುಳೇ. ೨೦೧೭ರ ನವೆಂಬರಿನಿಂದ ಜಗತ್ತಿನ ಅತಿ ಬಲಿಷ್ಠವಾದ ೫೦೦ ಗಣಕಗಳ ಪಟ್ಟಿಯಲ್ಲಿ ಲಿನಕ್ಸನ್ನು ಬಳಸದ ಗಣಕವಿಲ್ಲ. ಹೂ ಮಾರುವವಳ ಸೆರಗಿನಲ್ಲಿರುವ ದೂರವಾಣಿಯೂ ಲಿನಕ್ಸೇ ಆದ ಮೇಲೆ ‘ಲಿನಕ್ಸ್ ಬಳಕೆದಾರ’ ಎಂಬುದು ಯಾರನ್ನೂ ಯಾರಿಂದಲೂ ಬೇರ್ಪಡಿಸದ ಪದವಾಯಿತು. ಅರ್ಥವಿಸ್ತಾರದಿಂದ ಪದಗಳು ಸಾಯುವುದನ್ನು ನಮ್ಮ ಭಾಷಾಶಾಸ್ತ್ರಜ್ಞರು ವಿವರಿಸಿದ್ದಾರೆ. ಸಂಘಗಳೂ ಹಾಗೆ ಸಾಯುತ್ತವೆಂಬುದಕ್ಕೆ ಇದು ನಿದರ್ಶನ. ಸೋಲಿನಿಂದ ಸಂಘ ನಿಂತಿದ್ದರೆ ಮತ್ತೆ ಹೋರಾಡೋಣವೆನ್ನಬಹುದು. ಗೆದ್ದು ನಿಂತುಹೋದ ಸಂಘವನ್ನು ಏನೆಂದು ಎಬ್ಬಿಸುವುದು?

ಬೆಂಗಳೂರಿನಲ್ಲಿ ೨೦೦೧ರಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಎಂಬ ವಾರ್ಷಿಕ ಸಮ್ಮೇಳನ ಆರಂಭವಾಗಿ, ೨೦೦೫ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು, ೨೦೧೨ರಲ್ಲಿ ಕಡೆಯ ಸಲ ನೆರೆಯಿತು. ಅದರ ಪ್ರಮುಖ ಸಂಘಟಕರಾಗಿದ್ದ ಚಿಟ್ಣಿಸ್ ೨೦೧೩ರ ಜೂನಿನಲ್ಲಿ ತೀರಿಕೊಂಡರು. ಹೆಸರಿನ ಬದಲಾವಣೆಯನ್ನು ಗಮನಿಸಬೇಕು. ೨೦೦೫ರಲ್ಲಿಯೇ ‘ಲಿನಕ್ಸ್’ ಎಂಬ ಪದ ಕಿರಿದೆನಿಸಿತ್ತು. ಬಳಸುವವರ ಕೂಟವು ರಚಿಸುವವರ ಕೂಟವಾಗಬೇಕೆಂಬ ಹಂಬಲ ಆ ಸಮ್ಮೇಳನದ ಮುಂದಿನ ವರ್ಷಗಳಲ್ಲಿ ಎದ್ದು ಕಾಣುತ್ತಿತ್ತು. ಆದರೆ ವರ್ಷಕ್ಕೊಮ್ಮೆಯ ರಥೋತ್ಸವ ಬೇರೆ, ನಿತ್ಯದ ಪೂಜೆ ಬೇರೆ. ಪಾಕಸೂತ್ರವು ನಿತ್ಯಪೂಜೆಯ ಗ್ರಂಥವೆಂಬುದನ್ನು ಮರೆಯಬಾರದು. ಸಂಘಕ್ಕೆ ಒಬ್ಬರಲ್ಲ, ಹಲವರು ಆಧಾರಸ್ತಂಭಗಳು ಬೇಕು. ಅವರಿಗೆ ಸಂಘದ ಜಾಲತಾಣವೇ ಕೆಟ್ಟಾಗಲೂ ಒಬ್ಬರನ್ನೊಬ್ಬರು ತಲಪುವ ಬೇರೆ ದಾರಿ ಇರಬೇಕು ಎಂದು ಅದು ವಿಧಿಸುವುದು ಈ ನಿತ್ಯತೆಗಾಗಿಯೇ.

ಇಂದು ಸಂಘವನ್ನು ಎಬ್ಬಿಸಹೊರಟವರು ಸಾಮಾನ್ಯವಾಗಿ ಮಾಡುವುದೇನೆಂದರೆ ಜೀರ್ಣೋದ್ಧಾರ. ಹಳೆಯ ಪುಟಕ್ಕೆ ಹೊಸ ಬಣ್ಣ, ಹೊಸ ಲಾಂಛನ, ವಾಟ್ಸಾಪಿನಲ್ಲೊಂದು ಬಳಗ, ಟೆಲಿಗ್ರಾಮಿನಲ್ಲಿ ಮತ್ತೊಂದು. ಬಳಗದಲ್ಲಿ ನಾಲ್ಕು ದಿನ ಶುಭೋದಯಗಳ ಸುರಿಮಳೆ; ಆಮೇಲೆ ಮೌನ. ಮೇಲಿಂಗ್ ಲಿಸ್ಟ್ ಐಚ್ಛಿಕವೆಂದ ಮೋಯೆನ್ ಅವರ ವಿವೇಕ ಇಲ್ಲಿ ನೆನೆಯತಕ್ಕದ್ದು. ಆದರೂ ಹಳೆಯ ಲಿಸ್ಟುಗಳಿಗೆ ಒಂದು ಗುಣವಿತ್ತು: ಅಲ್ಲಿ ಕೇಳಿದ ಪ್ರಶ್ನೆಯೂ ಸಿಕ್ಕಿದ ಉತ್ತರವೂ ಯಾರು ಬೇಕಾದರೂ ಓದುವಂತೆ ಸಂಗ್ರಹದಲ್ಲಿ ಉಳಿಯುತ್ತಿದ್ದುವು. ದೂರವಾಣಿಯ ಬಳಗದಲ್ಲಿ ನಡೆದ ಮಾತು ಹೊರಗಿನವನ ಪಾಲಿಗೆ ನಡೆಯಲೇ ಇಲ್ಲ. ಆದಕಾರಣ ಹತ್ತು ತಾಣಗಳಿಗಿಂತ ಸುಳ್ಳು ಹೇಳದ ಒಂದು ಪುಟ ಮೇಲು ಎಂಬ ಪಾಕಸೂತ್ರದ ಇಂಗಿತ ಇಂದಿಗೂ ಸಿಂಧು. ಆದರೆ ಆ ಪುಟದಲ್ಲಿ ಬರೆಯುವುದೇನನ್ನು? ಇದಕ್ಕೆ ಪಾಕಸೂತ್ರ ಮೂಕ.

ಕ್ಲಾರ್ಕ್ ಅವರ ಕೈಪಿಡಿ ಸಂಘಕ್ಕೆ ನಾಲ್ಕು ಕಾರ್ಯಗಳನ್ನು ಹೇಳುತ್ತದೆ: ಪ್ರಚಾರ, ಶಿಕ್ಷಣ, ನೆರವು, ಒಡನಾಟ. ಪ್ರಚಾರದ ಕಾಲ ಮುಗಿಯಿತು. ಶಿಕ್ಷಣವನ್ನೂ ನೆರವನ್ನೂ ಇಂದು ಮನೆಯಲ್ಲಿ ಕುಳಿತೇ ಪಡೆಯಬಹುದು. ಕೇಳಿದ ಪ್ರಶ್ನೆಗೆ ಯಂತ್ರವೇ ಉತ್ತರಿಸುವ ಕಾಲ ಬಂದಿದೆ. ಉಳಿದದ್ದು ಒಡನಾಟ. ಕೆಲಸವಿಲ್ಲದ ಒಡನಾಟಕ್ಕೆ ಸಂಘವೇ ಬೇಕೆಂದಿಲ್ಲ, ಕಾಫಿ ಹೋಟೆಲು ಸಾಕು. ಹಾಗಾದರೆ ಒಬ್ಬರಿಂದಾಗದ, ಹಲವರು ಒಂದೆಡೆ ಕುಳಿತಲ್ಲದೆ ಆಗದ, ಹೊರಗಿನವರಾರೂ ನಮಗಾಗಿ ಮಾಡಿಕೊಡದ ಕೆಲಸ ಯಾವುದಾದರೂ ಉಳಿದಿದೆಯೆ?

ನೆರೆಯ ಕೇರಳದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಬಳಗ ಈ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿ ಮಲಯಾಳದ ಅಕ್ಷರವಿನ್ಯಾಸ, ಅನುವಾದ, ಪದಪರೀಕ್ಷೆಗಳನ್ನು ತನ್ನ ಕೆಲಸವಾಗಿ ಹಿಡಿಯಿತು. ರಚನ, ಮೀರ, ಮಂಜರಿ ಮುಂತಾದ ಅಚ್ಚುಲಿಪಿಗಳನ್ನು ಅದು ಪೋಷಿಸಿ ಯಾರು ಬೇಕಾದರೂ ಬಳಸುವಂತೆ ಹಂಚುತ್ತ ಬಂದಿದೆ. ಮಲಯಾಳದ ಚಿಲ್ಲಕ್ಷರಗಳಿಗೆ ಯೂನಿಕೋಡಿನಲ್ಲಿ ಪ್ರತ್ಯೇಕ ಸ್ಥಾನ ಬೇಕೆ ಬೇಡವೆ ಎಂಬ ದೊಡ್ಡ ವಿವಾದ ನಡೆದಾಗ ಈ ಬಳಗ ಬೇಡವೆಂಬ ಪಕ್ಷವನ್ನು ಹಿಡಿದು ವಾದಿಸಿತು; ೨೦೦೮ರಲ್ಲಿ ನಿರ್ಣಯ ಅದಕ್ಕೆ ವಿರುದ್ಧವಾಗಿಯೇ ಆಯಿತು. ಸೋತ ಬಳಗ ಚದರಲಿಲ್ಲ. ಒಂದು ಅಕ್ಷರಕ್ಕಾಗಿ ಜಗಳವಾಡಬಲ್ಲ ಸಂಘಕ್ಕೆ ಸಭೆ ಸೇರಲು ಕಾರಣ ಹುಡುಕಬೇಕಾಗಿಲ್ಲ.

ಕನ್ನಡದಲ್ಲಿ ಇಂಥ ಕೆಲಸಕ್ಕೆ ಬರವಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಸ್ಥಳ ದೊರಕಿದೆ. ೨೦೦೩ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಅಚ್ಚುಲಿಪಿಗಳು ಲಿನಕ್ಸಿನಲ್ಲಿ ದೊರೆಯುತ್ತವೆ. ಗ್ನೋಮ್, ಕೆಡಿಇ ಮೊದಲಾದ ತೆರೆವ್ಯವಸ್ಥೆಗಳಿಗೆ ಕನ್ನಡ ಅನುವಾದ ನಡೆದಿದೆ. ಆದರೆ ಅನುವಾದವು ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ. ತಂತ್ರಾಂಶದ ಹೊಸ ಆವೃತ್ತಿಯೊಡನೆ ಹೊಸ ವಾಕ್ಯಗಳು ಬರುತ್ತಲೇ ಇರುತ್ತವೆ. ಇಲ್ಲಿ ಬೇಕಾಗುವ ವಿದ್ವತ್ತು ಯಾವುದೆಂಬುದಕ್ಕೆ ಎರಡು ನಿದರ್ಶನಗಳು ಸಾಕು.

ಇಂಗ್ಲಿಷಿನ ‘ಫೈಲ್’ ಎಂಬುದಕ್ಕೆ ತೆರೆಯ ಮೇಲೆ ‘ಕಡತ’ ಎಂಬ ಪದ ನಿಂತಿದೆ. ಕಚೇರಿಯ ಕಾಗದದ ಕಟ್ಟನ್ನು ನೆನೆದು ಇದನ್ನು ಆಯ್ದವರು ಆಯ್ದಿರಬಹುದು. ಆದರೆ ಹಳೆಯ ಕಡತವೆಂದರೆ ಇದ್ದಿಲು ಮತ್ತು ಹುಣಿಸೆಬೀಜದ ಸರಿಯನ್ನು ಬಳಿದು ಮಡಿಸಿದ ಬಟ್ಟೆಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆದು, ಬೇಡವಾದುದನ್ನು ಅಳಿಸಿ, ಮತ್ತೆ ಬರೆಯುತ್ತಿದ್ದರು. ಅಳಿಸಿ ಬರೆಯಬಹುದಾದ ಗಣಕದ ಬರೆಹಕ್ಕೆ ತಾಳೆಗರಿಯ ‘ಓಲೆ’ಗಿಂತ, ಕಾಗದದ ‘ಪತ್ರ’ಕ್ಕಿಂತ ಇದು ಎಷ್ಟು ಒಪ್ಪುವ ಪದ! ಅದೇ ಪಟ್ಟಿಯಲ್ಲಿ ‘ಎಡಿಟ್’ ಎಂಬುದಕ್ಕೆ ‘ಸಂಪಾದನೆ’ ಎಂದಿದೆ. ಗ್ರಂಥಸಂಪಾದನೆಯನ್ನು ಬಲ್ಲ ನಮಗೆ ಇದು ಸರಿಯೆ. ಅಂಗಡಿಯಾತನಿಗೆ ಸಂಪಾದನೆಯೆಂದರೆ ಗಳಿಕೆ. ತನ್ನ ದೂರವಾಣಿ ತನಗೆ ಸಂಪಾದನೆಯ ದಾರಿಯನ್ನು ತೋರುತ್ತಿದೆಯೆಂದು ಅವನು ಭಾವಿಸಿದರೆ ತಪ್ಪು ಅವನದಲ್ಲ. ‘ತಿದ್ದು’ ಎಂಬ ಎರಡಕ್ಷರದ ಪದ ಎಲ್ಲರಿಗೂ ತಿಳಿಯುತ್ತಿತ್ತು. ಇಂಥ ನಿರ್ಣಯಗಳನ್ನು ತಂತ್ರಜ್ಞನೊಬ್ಬನೇ ಮಾಡಲಾರ, ಕನ್ನಡ ಅಧ್ಯಾಪಕನೊಬ್ಬನೇ ಮಾಡಲಾರ. ಅವರಿಬ್ಬರ ನಡುವೆ ಆ ಅಂಗಡಿಯಾತನೂ ಕುಳಿತಿರಬೇಕು.

ಲಿಪಿಯ ವಿಷಯವೂ ಹೀಗೆಯೇ. ರಕಾರಕ್ಕೆ ಮುಂದೆ ವ್ಯಂಜನ ಬಂದಾಗ ಗಣಕವು ಅರ್ಕಾವತ್ತನ್ನು ಮೂಡಿಸುತ್ತದೆ. ‘ಸೂರ್ಯ’ ಎಂಬಲ್ಲಿ ಇದು ಸಾಧು. ಆದರೆ ‘ರ‍್ಯಾಂಕು’ ಎಂಬ ಪದದಲ್ಲಿ ರಕಾರವು ಪೂರ್ಣರೂಪದಲ್ಲಿ ನಿಂತು ಯಕಾರ ಒತ್ತಾಗಬೇಕಾದರೆ, ರಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಕೂಡುಗುರುತನ್ನು ಸೇರಿಸಿ ಬರೆಯಬೇಕು. ಸೇರಿಸಿದ ಪದವೂ ಸೇರಿಸದ ಪದವೂ ಯಂತ್ರಕ್ಕೆ ಎರಡು ಬೇರೆ ಪದಗಳು. ಒಂದನ್ನು ಹುಡುಕಿದರೆ ಮತ್ತೊಂದು ಸಿಗದೆ ಹೋಗಬಹುದು. ಹೆಲ್ಸಿಂಕಿಯಲ್ಲಿಯೋ ಕ್ಯಾಲಿಫೋರ್ನಿಯದಲ್ಲಿಯೋ ಕುಳಿತ ತಂತ್ರಜ್ಞನಿಗೆ ಈ ದೋಷ ಕಾಣುವಂತಿಲ್ಲ; ಕಂಡರೂ ದೋಷವೆಂದು ತಿಳಿಯುವಂತಿಲ್ಲ. ಕನ್ನಡವನ್ನು ಓದುವವನ ಕಣ್ಣಿಗೆ ಬಿದ್ದು, ಅವನು ಅದನ್ನು ಕ್ರಮವಾಗಿ ಬರೆದು ತಿಳಿಸಿದ ಹೊರತು ಅದು ಹಾಗೆಯೇ ಉಳಿಯುತ್ತದೆ. ಇನ್ನು ನಮ್ಮ ವಿಭಾಗಗಳ ಕಪಾಟುಗಳ ಮಾತು. ಯೂನಿಕೋಡಲ್ಲದ ಹಳೆಯ ಸಂಕೇತಕ್ರಮದ ಅಚ್ಚುಲಿಪಿಗಳಲ್ಲಿ ಬೆರಳಚ್ಚಾದ ಕನ್ನಡ ಪ್ರಬಂಧಗಳು ಅಲ್ಲಿ ರಾಶಿಯಾಗಿವೆ. ಆ ಲಿಪಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಗೊಂದಲ. ಒಬ್ಬ ವಿದ್ಯಾರ್ಥಿ ಐದು ವರ್ಷ ಶ್ರಮಿಸಿ ಬರೆದುದರಲ್ಲಿ ಒಂದು ಶಬ್ದವನ್ನು ಹುಡುಕುವಂತಿಲ್ಲ. ಅವುಗಳನ್ನು ಪರಿವರ್ತಿಸುವ ಉಪಕರಣಗಳು ಇವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಮೂಲದೊಡನೆ ಸಾಲುಸಾಲಾಗಿ ತಾಳೆ ನೋಡುವ ಕಣ್ಣುಗಳು ಮಾತ್ರ ಇಲ್ಲ. ಪಾಠಾಂತರಗಳನ್ನು ಗುರುತಿಸಲು ನಾವು ತರಗತಿಯಲ್ಲಿ ಕಲಿಸುವ ವಿದ್ಯೆಗೆ ಇದಕ್ಕಿಂತ ಹತ್ತಿರದ ವಿನಿಯೋಗ ಯಾವುದು?

೧೮೯೦ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಕನ್ನಡದಲ್ಲಿ ಓದಲು ಪುಸ್ತಕ ಬೇಕೆಂಬ ಹಸಿವು ಅದರ ಬೆನ್ನಿಗಿತ್ತು. ೧೮೯೬ರಲ್ಲಿ ‘ವಾಗ್ಭೂಷಣ’ ಪತ್ರಿಕೆ ಹೊರಟದ್ದು ಆ ಹಸಿವಿನಿಂದಲೇ. ಕೂಡಿದ ಮೇಲೆ ಕೆಲಸವನ್ನು ಹುಡುಕಿದವರಲ್ಲ ಅವರು. ಲಿನಕ್ಸ್ ಸಂಘದ ಹೊಸ ಹುಟ್ಟಿಗೂ ಇದೇ ಅನುಕ್ರಮ ಸರಿಯಾದುದೆಂದು ನಾನು ವಾದಿಸುತ್ತೇನೆ. ಇದನ್ನೊಪ್ಪಿದರೆ ಪಾಕಸೂತ್ರದ ಯಾವ ವಿಧಿಯನ್ನೂ ಕೈಬಿಡಬೇಕಾಗಿಲ್ಲ. ಅವುಗಳ ಮುಂದೆ ಒಂದು ವಿಧಿಯನ್ನು ಸೇರಿಸಬೇಕು. ಪ್ರತಿಯೊಂದು ಸಭೆಯ ಪ್ರಕಟನೆಯಲ್ಲಿ ವಾರ, ದಿನಾಂಕ, ಸ್ಥಳಗಳೊಡನೆ ಆ ದಿನ ಮುಗಿಸಬೇಕಾದ ಕೆಲಸವೂ ಇರತಕ್ಕದ್ದು: ಇಷ್ಟು ವಾಕ್ಯಗಳ ಅನುವಾದ, ಇಷ್ಟು ಪುಟಗಳ ತಾಳೆ, ಇಷ್ಟು ದೋಷಗಳ ವರದಿ. ಭಾಷಣವಿಲ್ಲ, ಹಾರತುರಾಯಿಗಳಿಲ್ಲ. ಹೀಗಾದರೆ ಪುಟವನ್ನು ಹೊಸದಾಗಿಡಲು ಯಾರನ್ನೂ ಪೀಡಿಸಬೇಕಾಗದು. ಮುಗಿದ ಕೆಲಸದ ಪಟ್ಟಿಯೇ ಪುಟವಾಗುತ್ತದೆ.

ಇದಕ್ಕೆ ಬರಬಹುದಾದ ಒಂದು ಆಕ್ಷೇಪವನ್ನು ಗಮನಿಸಬೇ‍ಕು. ಹೀಗೆ ಮಾಡಿದರೆ ಅದು ಲಿನಕ್ಸ್ ಸಂಘವಾಗಿ ಉಳಿಯುವುದಿಲ್ಲ, ಕನ್ನಡ ಸಂಘವಾಗುತ್ತದೆ ಎಂದು ಕೆಲವರು ಹೇಳಿಯಾರು. ಹೆಸರಿನ ಮಟ್ಟಿಗೆ ಇದು ನಿಜವಿರಬಹುದು. ಆದರೆ ಪಾಕಸೂತ್ರದಲ್ಲಿ ನುಡಿದಂತೆ ನಡೆಯಬೇಕೆಂಬ ಅರ್ಥದ ಸೂತ್ರವೂ ಒಂದಿದೆ: ಮುಕ್ತ ತಂತ್ರಾಂಶವನ್ನು ಹೊಗಳುವ ಸಂಘ ತನ್ನ ವ್ಯವಹಾರವನ್ನೂ ಅದರಲ್ಲಿಯೇ ನಡೆಸಬೇಕು. ತಿದ್ದುವ ಅಧಿಕಾರ ಎಲ್ಲರಿಗೂ ಇದೆಯೆಂಬುದೇ ಆ ತಂತ್ರಾಂಶದ ಹಿರಿಮೆಯಾದರೆ, ಆ ಅಧಿಕಾರವನ್ನು ಒಮ್ಮೆಯೂ ಚಲಾಯಿಸದ ಬಳಕೆದಾರನಿಗೆ ಲಿನಕ್ಸಾದರೇನು, ವಿಂಡೋಸಾದರೇನು? ‘ಸಂಪಾದನೆ’ಯನ್ನು ‘ತಿದ್ದು’ ಎಂದು ತಿದ್ದಿದವನೇ ಪದದ ಪೂರ್ಣಾರ್ಥದಲ್ಲಿ ಲಿನಕ್ಸ್ ಬಳಕೆದಾರ.

ಸ್ಥಳದ ಪ್ರಶ್ನೆ ಉಳಿಯಿತು. ಗೊತ್ತಾದ ಸ್ಥಳವಿಲ್ಲದೆ ಸಂಘವಿಲ್ಲವೆಂದು ಮೋಯೆನ್ ಖಂಡಿತವಾಗಿ ಹೇಳುತ್ತಾರೆ. ನಮ್ಮ ಬಹುಪಾಲು ಕಾಲೇಜುಗಳಲ್ಲಿ ಗಣಕಗಳ ಕೊಠಡಿಯಿದೆ. ತಿಂಗಳ ಎರಡನೆಯ ಶನಿವಾರ ಸಂಜೆ ಅದು ಬರಿದಾಗಿಯೇ ಇರುತ್ತದೆ. ಉತ್ಸಾಹಿಗಳಾದ ಅಧ್ಯಾಪಕರು ಲಾಂಛನವನ್ನು ಬರೆಸುವ ಮೊದಲು ಆ ಹೊತ್ತಿನಲ್ಲಿ ಕೊಠಡಿಯ ಬೀಗದ ಕೈ ಯಾರ ಬಳಿ ಇರುತ್ತದೆಂಬುದನ್ನೂ, ಅವರು ರಜೆಯಲ್ಲಿದ್ದಾಗ ಎರಡನೆಯ ಕೈ ಎಲ್ಲಿರುತ್ತದೆಂಬುದನ್ನೂ ವಿಚಾರಿಸಿಟ್ಟುಕೊಳ್ಳುವುದು ಯುಕ್ತ.